ಕರುಳಿನ ಕುಳಿಯಲ್ಲಿ ಯಾವುದು ಮೊದಲು?

ದೊಡ್ಡ ಕರುಳಿನ ಒಳಪದರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು. ತಳದಲ್ಲಿ ಕೆಲವೇ ಆಕರಕೋಶಗಳು. ಅಲ್ಲಿ ಹುಟ್ಟಿದ ಕೋಶಗಳು ಮೇಲಕ್ಕೆ ಸರಿಯುತ್ತ ನಾಲ್ಕೈದು ದಿನಗಳಲ್ಲೇ ಉದುರಿಹೋಗುತ್ತವೆ. ಎಲ್ಲವೂ ಇಷ್ಟು ಬೇಗ ಸಾಯುವ ಜಾಗದಲ್ಲಿ ಕ್ಯಾನ್ಸರ್ ಬೇರೂರುವುದಾದರೂ ಹೇಗೆ? ಉದುರದೆ ಉಳಿಯುವುದು ತಳದ ಆಕರಕೋಶ. ಜೀನಿನ ತಪ್ಪುಗಳು ವರ್ಷಗಟ್ಟಲೆ ಜಮೆಯಾಗುವುದು ಅಲ್ಲೇ.

*

1990ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಫಿಯರಾನ್ ಮತ್ತು ವೋಗಲ್‌ಸ್ಟೈನ್ ಹೇಳಿದ್ದು: ಒಂದು ಜೀನ್ ಕೆಟ್ಟರೆ ಸಾಲದು, ಹಲವು ಕೆಡಬೇಕು. ಕೆಡುವುದರಲ್ಲಿ ಒಂದು ಕ್ರಮ ಕಾಣುತ್ತದೆ, ಆದರೆ ಕ್ರಮಕ್ಕಿಂತ ಒಟ್ಟು ಮೊತ್ತವೇ ಮುಖ್ಯ.

ಎಪಿಸಿ ಎಂಬ ಜೀನ್ ಕೆಟ್ಟರೆ ಕೋಶಕ್ಕೆ 'ಬೆಳೆ' ಎಂಬ ಸಂದೇಶ ನಿಲ್ಲುವುದೇ ಇಲ್ಲ. ಕೆ-ರಾಸ್ ಕೆಟ್ಟರೆ ಆ ಒತ್ತಡ ಇನ್ನೂ ಹೆಚ್ಚುತ್ತದೆ. ಸ್ಮ್ಯಾಡ್-4 ಹೋದರೆ 'ನಿಲ್ಲು' ಎಂಬ ಮಾತು ಕೇಳಿಸದು. ಪಿ-53 ಹೋದರೆ, ಹಾಳಾದ ಕೋಶ ತಾನಾಗಿ ಸಾಯುವ ದಾರಿ ಮುಚ್ಚುತ್ತದೆ.

*

ಮೊತ್ತವೇ ಮುಖ್ಯವಾದರೆ ಹೀಗಾಗುವುದೇಕೆ? ಕೆ-ರಾಸ್ ಮೊದಲು ಕೆಟ್ಟ ಕುಳಿ ಸ್ವಲ್ಪ ಉಬ್ಬಿ, ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಎಪಿಸಿ ಮೊದಲು ಕೆಟ್ಟು, ಆಮೇಲೆ ಕೆ-ರಾಸ್ ಸೇರಿದರೆ ಪಾಲಿಪ್, ಅಂದರೆ ಒಳಪದರದ ಮೇಲೆ ಬೆಳೆದ ಗಂಟು, ದೊಡ್ಡದಾಗುತ್ತದೆ. ಮೊತ್ತವೇ ಮುಖ್ಯ ಎಂಬ ಮಾತಿನ ಪಕ್ಕ ಇದನ್ನಿಟ್ಟು ನೋಡುತ್ತಲೇ ಇದ್ದೇನೆ. ಮೊದಲನೆಯದು ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದೇ ನನಗನ್ನಿಸುತ್ತದೆ.

*

ಎಪಿಸಿಯ ಒಂದು ಪ್ರತಿ ಕೆಟ್ಟೇ ಹುಟ್ಟುವವರಿದ್ದಾರೆ. ಎರಡನೆಯ ಪ್ರತಿ ಇರುವವರೆಗೂ ಕೋಶ ಸುಮ್ಮನಿರುತ್ತದೆ. ಹದಿಹರೆಯದ ಹೊತ್ತಿಗೆ ಅಲ್ಲಲ್ಲಿ ಅದೂ ಹೋಗಿ ನೂರಾರು, ಕೆಲವೊಮ್ಮೆ ಸಾವಿರಾರು ಪಾಲಿಪ್‌ಗಳು. ಅವುಗಳಲ್ಲಿ ಕ್ಯಾನ್ಸರಾಗುವುದು ಕೆಲವೇ. ಆದರೂ ಅಷ್ಟು ಪಾಲಿಪ್‌ಗಳ ನಡುವೆ ಒಂದಾದರೂ ಹಾಗಾಗುವುದು ಬಹುತೇಕ ಖಚಿತ. ಅದಕ್ಕೇ ದೊಡ್ಡ ಕರುಳನ್ನೇ ತೆಗೆಯುತ್ತಾರೆ, ಆ ಚಿಕ್ಕ ವಯಸ್ಸಿನಲ್ಲಿ.

*

2019ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ನಡುವಯಸ್ಸಿನವರ ಆರೋಗ್ಯವಂತ ಕುಳಿಗಳನ್ನೇ ಒಂದೊಂದಾಗಿ ಕತ್ತರಿಸಿ ತೆಗೆದು ಓದಿದರು. ಸುಮಾರು ನೂರಕ್ಕೊಂದು ಕುಳಿಯಲ್ಲಿ ಕ್ಯಾನ್ಸರಿಗೆ ದೂಡಬಲ್ಲ ಒಂದು ಬದಲಾವಣೆ ಆಗಲೇ ಇತ್ತು. ಕರುಳಿನಲ್ಲಿರುವುದು ಕೋಟಿಯ ಲೆಕ್ಕದ ಕುಳಿಗಳು. ಅಂದರೆ ಲಕ್ಷದಷ್ಟು ಕುಳಿಗಳಲ್ಲಿ ಆರಂಭವಾಗಿಯೇ ಬಿಟ್ಟಿದೆ. ಮುಂದುವರಿಯುವುದು ಇಷ್ಟು ಅಪರೂಪ ಏಕೆ?

*

ನನ್ನನ್ನು ಹೆಚ್ಚು ಕಾಡುವುದು 2015ರಲ್ಲಿ ಅಮೆರಿಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ. ಎಪಿಸಿಯನ್ನು ಬೇಕೆಂದಾಗ ಅಡಗಿಸಿ, ಬೇಕೆಂದಾಗ ಮರಳಿಸಬಹುದಾದ ಇಲಿಗಳು ಅವು. ಕೆ-ರಾಸ್, ಪಿ-53 ಎರಡೂ ಕೆಟ್ಟಿದ್ದ ಗಡ್ಡೆಗಳಲ್ಲಿ ಎಪಿಸಿಯೊಂದನ್ನು ಮರಳಿಸಿದರು. ಗಡ್ಡೆ ಕರಗಿತು. ಅದೇ ಕೋಶಗಳು ಮತ್ತೆ ಸರಿಯಾದ ಕುಳಿ ಕಟ್ಟಿ, ಎಂದಿನಂತೆ ಮೇಲೆ ಸರಿದು ಉದುರತೊಡಗಿದವು. ಉಳಿದೆರಡು ಜೀನ್‌ಗಳು ಕೆಟ್ಟೇ ಇದ್ದವು. ಹಾಗಿದ್ದ ಮೇಲೆ ಆ ಕೋಶಗಳನ್ನು ಏನೆಂದು ಕರೆಯಬೇಕು, ಆರೋಗ್ಯವಂತ ಎಂದೇ?