ಎರಡಿಂಚು ಕಡಿಮಿ

ಮೊನ್ನೆ ಫೋನಿನಾಗ ವೈನಿ ಕೇಳಿದ್ರು, "ಏನವಾ, ನಿಮ್ಮ ಹುಡುಗನ್ನ ಕಾಲೇಜಿನವ್ರು ನೋಡಿದ್ರಂತಲ್ಲ, ಏನಂದ್ರು?" ಖರೇ ಹೇಳಬೇಕಂದ್ರ ಕನ್ಯಾ ನೋಡೂದಕ್ಕೂ ಇದಕ್ಕೂ ಭಾಳ ಫರಕ ಇಲ್ರಿ. ಇಲ್ಲೆ ನಾವೇ ಹೋಗಿ ತೋರಿಸಿ ಬರಬೇಕು, ಅಷ್ಟ.

ಈ ಟೆಕ್ಸಾಸಿನಾಗ ಫುಟ್‌ಬಾಲ್ ಅಂದ್ರ ನಮ್ಮ ಕಾಲ್ಚೆಂಡಲ್ಲ, ಕೈಯಾಗ ಹಿಡಕೊಂಡು ಓಡೂದು, ಕೆಡವೂದು. ನಮ್ಮವ ಹೈಸ್ಕೂಲ್ ಟೀಮಿನಾಗ ಕಾರ್ನರ್‌ಬ್ಯಾಕ್. ಎದುರಿನವರ ರಿಸೀವರ್ ಚೆಂಡು ಹಿಡೀಲಿಕ್ಕೆ ಓಡ್ತಾನ, ಅವನಿಗೆ ಅಂಟಿಕೊಂಡು ಓಡೂದು ಇವನ ಕೆಲಸ. ಎಲ್ಲೆ ಹೊಳ್ಳಬೇಕು ಅಂತ ಅವಂಗ ಮೊದಲೇ ಗೊತ್ತು, ಇವಂಗ ಗೊತ್ತಿಲ್ಲ. ಅದೂ ಸುರುವಿಗೆ ಹಿಂದಕ್ಕ ಹಿಂದಕ್ಕ ಓಡಬೇಕು!

ಜೂನಿನಾಗ ಒಂದು ಕಾಲೇಜಿನ ಕ್ಯಾಂಪಿಗೆ ಕರಕೊಂಡು ಹೋದ್ವಿ. ಬೂಟು ಬಿಚ್ಚಿಸಿ ಎತ್ತರ ಅಳದ್ರು, ತೋಳು ಅಳದ್ರು. 40 ಗಜ ಓಡಿಸಿದ್ರು. ಅಷ್ಟಕ್ಕ ಬಿಡಲಿಲ್ಲ, 100 ಮೀಟರ್ ರೇಸಿನ ಟೈಮ್ ಕೇಳಿದ್ರು. ಕೈಗಡಿಯಾರದ ಲೆಕ್ಕ ಯಾವಾಗಲೂ ಒಂಚೂರು ಜಾಸ್ತಿ ಚುರುಕು ತೋರಸ್ತದಂತ. ಆಮ್ಯಾಲೆ ಹಿಂದಕ್ಕ ಓಡೋವ ಒಮ್ಮೆಲೆ ತಿರುಗಿದಾಗ ಸೊಂಟ ಹೆಂಗ ಹೊಳ್ಳತದ, ಒಂದು ಹೆಜ್ಜಿ ಹೆಚ್ಚು ಹಾಕ್ತಾನೇನು, ಅದನ್ನ ಭಾಳ ಹೊತ್ತು ನೋಡಿದ್ರು.

ಇಡೀ ಸೀಜನ್‌ನಾಗ ಇವ ಎದುರಿನವರ ಚೆಂಡು ಕಸಗೊಂಡಿದ್ದು ಒಂದೇ ಸಲ ಅಂತ ನಂಗ ನಾಚಿಕಿ ಇತ್ತು. ಅವನ ಕೋಚ್ ನಕ್ಕು ಹೇಳಿದ್ರು, ಛಲೋ ಅಂಟಿಕೊಂಡವನ ಕಡೆ ಚೆಂಡೇ ಒಗೆಯಂಗಿಲ್ಲ ಅಂತ. ಉಪ್ಪು ಸರಿಯಿದ್ದ ಸಾರಿನ ಬಗ್ಗೆ ಯಾರೂ ಮಾತಾಡಂಗಿಲ್ಲಲ್ಲ, ಹಂಗ.

ಕ್ಯಾಂಪ್ ಮುಗಿದ ಮ್ಯಾಲೆ ಆ ಕಾಲೇಜಿನ ಕೋಚ್ ಹೈಲೈಟ್ಸ್ ಬ್ಯಾಡ, ಪೂರ್ತಿ ಆಟ ತೋರಸು ಅಂದ್ರು. ಅದರಾಗ ಒಂದು ಕಡೆ ರಿಸೀವರ್ ಇವನ್ನ ದಾಟಿ ಹೋಗಿಬಿಟ್ಟಾನ. ಇವ ಹಿಂದಿನಿಂದ ಓಡಿ, ಗೆರಿ ಇನ್ನೈದು ಗಜ ಇರೂತನಾ ಹಿಡಿದು ಕೆಡವ್ಯಾನ. ಆ ತುಣುಕನ್ನ ಇವ ಹೈಲೈಟ್ಸಿನಾಗ ಹಾಕಿರಲಿಲ್ಲ. ಅವ್ರು ಅದನ್ನೇ ಮೂರು ಸಲ ನೋಡಿದ್ರು. "ಏನಾತು?" ಅಂತ ಕೇಳಿದ್ರು. "ಚೆಂಡು ಒಗಿಯೋವನ್ನ ನೋಡಿಬಿಟ್ಟೆ, ಕಣ್ಣು ತಪ್ಪಿತು" ಅಂದ. ನೆಪ ಹೇಳಲಿಲ್ಲ ನೋಡ್ರಿ, ನಂಗ ಅಷ್ಟು ಸಾಕಾತು. ಮುಂದಿನ ಆಟದಾಗ ಮತ್ತ ಅದೇ ರಿಸೀವರ್ ಮುಂದ ಮೂಗಿಗೆ ಮೂಗು ಹಚ್ಚಿ ನಿಂತಿದ್ದ. "ಇದು ಬೇಕು" ಅಂದ್ರು ಅವ್ರು. ಆಮ್ಯಾಲೆ ಮೆತ್ತಗ ಅಂದ್ರು, "ಆದ್ರ 5 ಅಡಿ 9 ಇಂಚು. ನಮಗ 5 ಅಡಿ 11 ಬೇಕಿತ್ತು."

ಈಗ ರಿಸೀವರ್‌ಗಳು ಉದ್ದ, ಅದಕ್ಕ ಕಾರ್ನರ್‌ಗಳೂ ಉದ್ದ ಬೇಕು. 6 ಅಡಿ 3 ಇಂಚಿನ ರಿಚರ್ಡ್ ಶರ್ಮನ್‌ನಂಥವ್ರನ್ನ ನೋಡಿದವ್ರಿಗೆ ಗಿಡ್ಡ ಹುಡುಗ್ರು ಕಣ್ಣಿಗೆ ಬೀಳಬೇಕಲ್ಲ! ನಮ್ಮವಂದು ವಾದ ಬ್ಯಾರೆ. ಆಂಟ್ವಾನ್ ವಿನ್‌ಫೀಲ್ಡ್ 5 ಅಡಿ 9 ಇಂಚೇ ಇದ್ದ, 1999ರಾಗ ಎನ್‌ಎಫ್‌ಎಲ್‌ನವ್ರು ಮೊದಲ ಸುತ್ತಿನಾಗೇ ಆರಿಸಿಕೊಂಡ್ರು ಅಂತಾನ.

ವೈನಿ, ಆ ಎತ್ತರ ನನ್ನದು. ನಿಮಗ ನೆನಪದನೋ ಇಲ್ಲೋ, ನನ್ನ ನೋಡ್ಲಿಕ್ಕೆ ಬಂದ ಮೊದಲನೇ ಮನಿಯವ್ರು "ಹುಡುಗಿ ಸ್ವಲ್ಪ ಗಿಡ್ಡ ಆದ್ಲು" ಅಂದು ಅವಲಕ್ಕಿ ತಿಂದು ಎದ್ದು ಹೋಗಿದ್ರು. ಕಾರಿನಾಗ ಇವ ಒಂದು ಮಾತೂ ಆಡಲಿಲ್ಲ. ಮನಿಗೆ ಬಂದು ನಾಕು ರೊಟ್ಟಿ, ಶೇಂಗಾ ಚಟ್ನಿ ತಿಂದ. ನಂಗೇ ಊಟ ಸೇರಲಿಲ್ಲ.

ಈಗ ಡಿವಿಜನ್ 3 ಕಾಲೇಜುಗಳಿಗೆ ಬರಿಯಾಕತ್ಯಾನ. ಅಲ್ಲೆ ಆಟಕ್ಕಂತ ಸ್ಕಾಲರ್‌ಶಿಪ್ ಇಲ್ಲ, ಮಾರ್ಕ್ಸ್ ನೋಡಿ ಕೊಟ್ರ ಉಂಟು. ಅದಕ್ಕ ಗಣಿತದ ಟ್ಯೂಶನ್ ಹಚ್ಚೀವಿ. ಹೈಲೈಟ್ಸ್‌ನೂ ಹೊಸದಾಗಿ ಮಾಡ್ಯಾನ. ಆ ದಾಟಿಸಿಕೊಂಡು ಓಡಿ ಹಿಡಿದದ್ದನ್ನ ಮೊದಲಿಗೇ ಹಾಕು ಅಂದೆ. ಕೇಳಲಿಲ್ಲ, ನಾಕನೇದು ಮಾಡಿ ಹಾಕ್ಯಾನ.