ಮೊಳೆಯೋ ಸ್ಕ್ರೂವೋ?

ಕೋಡ್ ಬರೆಯುವವನಿಗೆ ಮೊಳೆ, ಸ್ಕ್ರೂಗಳ ಉಸಾಬರಿ ಯಾಕೆ ಅಂತ ನಗಬೇಡಿ ಮಾರಾಯ್ರೆ. ವಿಷಯ ಅಪ್ಪನ ಮೊಣಕಾಲಿನದ್ದು.

ಬೆಳ್ತಂಗಡಿ ಕಡೆಯ ನಮ್ಮ ಮನೆ ಇರುವುದು ಗುಡ್ಡದ ಬದಿಯಲ್ಲಿ, ಅಡಿಕೆ ತೋಟ ಕೆಳಗೆ. ದಿನಕ್ಕೆ ನಾಲ್ಕು ಸಲ ಇಳಿದು ಹತ್ತದಿದ್ದರೆ ಅಪ್ಪನಿಗೆ ಊಟ ಸೇರುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಊರು, ದಾರಿ ಪಾಚಿ ಹಿಡಿದು ಜಾರುತ್ತದೆ. ಮೊಣಕಾಲಿನ ಆಪರೇಷನ್ ಆದ ಮೇಲೆ "ಇನ್ನು ತೋಟಕ್ಕೆ ಇಳಿಯುವುದು ಬೇಡ" ಅಂತ ಅಮ್ಮ ಹೇಳಿದ್ದೇ ಬಂತು, ಕೇಳುವವರು ಯಾರು? ಕೊನೆಗೆ ದಪ್ಪ ಮರದ ತೊಲೆಗಳನ್ನು ಅಡ್ಡ ಹಾಕಿ, ಹಿಂದೆ ಜಲ್ಲಿ ತುಂಬಿಸಿ, ಮೆಟ್ಟಿಲು ಮಾಡುವುದು ಅಂತ ತೀರ್ಮಾನವಾಯಿತು.

ನೆಟ್‌ನಲ್ಲಿ ಹುಡುಕಿದರೆ ಇಂಥ ಕೆಲಸಕ್ಕೆಲ್ಲ ಹಳೇ ರೈಲ್ವೆ ಸ್ಲೀಪರ್‌ಗಳ ಫೋಟೋಗಳೇ. ನೋಡಲು ಚಂದ ನಿಜ. ಆದರೆ ಹಳೆಯವಕ್ಕೆ ಹೆಚ್ಚಾಗಿ ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿಸಿರುತ್ತಾರೆ, ಅದು ಮೈಗೆ ತಾಗಿದರೆ ಒಳ್ಳೆಯದಲ್ಲ. ಅಪ್ಪ ಬರಿಗಾಲಿನವರು. ಹಾಗಾಗಿ ಹಳೇ ಮನೆ ಬಿಚ್ಚಿದಾಗ ಉಳಿದಿದ್ದ ಬೋಗಿ ಮರದ ತೊಲೆಗಳೇ ಸಾಕು ಅಂದೆವು.

ಬಿ.ಸಿ.ರೋಡಿನ ಅಂಗಡಿಯೊಂದರಲ್ಲಿ ಕೇಳಿದರೆ "ದೊಡ್ಡ ಮೊಳೆ ಹೊಡೀರಿ, ಸಾಕು" ಅಂದರು. ನಮ್ಮ ಆಚಾರ್ರು ಮೂಡುಬಿದಿರೆಯವರು, ಒಪ್ಪಲಿಲ್ಲ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಮೊಳೆ ನಿಧಾನಕ್ಕೆ ತಲೆ ಎತ್ತುತ್ತದೆ. ಬರಿಗಾಲಿಗೆ ಅದು ಸಾಕಲ್ಲ! ಸ್ಕ್ರೂವಿನ ಮರೆ ಹಾಗೆ ಬಿಡುವುದಿಲ್ಲ.

ಸರಿ, ಯಾವ ಸ್ಕ್ರೂ? ಬರೀ ಕಬ್ಬಿಣದ್ದಾದರೆ ತುಕ್ಕು. ಮರದ ಒಗರು, ಅಂದರೆ ಟ್ಯಾನಿನ್, ಕಬ್ಬಿಣಕ್ಕೆ ತಾಗಿದರೆ ಸುತ್ತ ಶಾಯಿಯಂಥ ಕಪ್ಪು ಕಲೆ ಬೇರೆ. ಜಿ.ಐ. ಆದರೆ ಮೇಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತು ಮುಗಿದ ದಿನ ಅದರ ಕಥೆಯೂ ಮುಗಿಯಿತು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ನಮ್ಮ ಕಡೆಗೆ 304 ಸಾಕು. ಉಪ್ಪುಗಾಳಿ ಹೊಡೆಯುವ ಉಳ್ಳಾಲ, ಸುರತ್ಕಲ್ ಬದಿಯವರು 316 ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಸ್ಟೀಲ್ ಸ್ಕ್ರೂ ಗಟ್ಟಿ ಮರಕ್ಕೆ ನೇರ ತಿರುಗಿಸಿದರೆ ಕುತ್ತಿಗೆಯಲ್ಲೇ ಮುರಿಯುತ್ತದೆ. ಮೊದಲು ಡ್ರಿಲ್ಲಿನಲ್ಲಿ ತೂತು ಕೊರೆಯಲೇಬೇಕು. ಉದ್ದದ ಲೆಕ್ಕ ಹೀಗೆ: ಐದಿಂಚಿನ ತೊಲೆ ದಾಟಿ ಕೆಳಗಿನದರೊಳಗೆ ಮೂರಿಂಚು ಹೋಗಬೇಕು, ಅಲ್ಲಿಗೆ ಎಂಟಿಂಚು. ಮೂಲೆಯಲ್ಲಿ ಮಾತ್ರ ತೊಲೆಯ ತುದಿಗೆ ಹಾಕಿದ ಸ್ಕ್ರೂವನ್ನೇ ನಂಬಬಾರದು, ಅಲ್ಲಿ ಮರದ ನಾರು ಹಿಡಿತ ಕೊಡುವುದಿಲ್ಲ. ಒಳಗಿನಿಂದ ಎಲ್ ಆಕಾರದ ಪಟ್ಟಿ ಹಾಕಬೇಕು. ನೆಲಕ್ಕೆ ಕಚ್ಚಿಸಲು 12 ಮಿ.ಮೀ. ಕಂಬಿ. ಮುರಕಲ್ಲು ಸಿಕ್ಕಿದಲ್ಲಿ ಅದಕ್ಕೂ ತೂತು ಕೊರೆದೇ ಇಳಿಸಬೇಕು.

ನಾನು ಸುಮ್ಮನಿರದೆ, "ಆಚಾರ್ರೇ, ನಿಮ್ಮೂರ ಸಾವಿರ ಕಂಬದ ಬಸದಿಯ ಮೇಲಿನ ಅಂತಸ್ತು ಮರದ್ದೇ ಅಲ್ವಾ?" ಅಂದೆ. 1430ರಲ್ಲಿ ಕಟ್ಟಿಸಿದ ಬಸದಿ ಅದು. ಅವರು ಮರೆ ತಿರುಗಿಸುತ್ತಲೇ, "ಅದಕ್ಕೆ ಮಾಡು ಉಂಟು. ನಿಮ್ಮ ಮೆಟ್ಟಿಲಿಗೆ ಎಂತ ಉಂಟು?" ಅಂದರು.

ಆ ಒಂದೇ ಮಾತಿನಲ್ಲಿ ಎಲ್ಲ ಇದೆ ಅನಿಸಿತು. ಮೆಟ್ಟಿಲಿಗೆ ಮಾಡು ಕಟ್ಟಲಾಗದು, ನೀರು ನಿಲ್ಲದಂತೆ ಅಡಿಗೆ ಜಲ್ಲಿಯನ್ನಾದರೂ ಹಾಕಬಹುದು, ತುಕ್ಕು ಹಿಡಿಯದ ಸ್ಕ್ರೂ ಹಾಕಬಹುದು. ಜಿ.ಐ.ಗಿಂತ ಸ್ಟೀಲಿಗೆ ದುಡ್ಡು ಜಾಸ್ತಿ ಅಂತ ಅಪ್ಪ ಗೊಣಗಿದರು. ಆಪರೇಷನ್ ಬಿಲ್ಲಿನ ಮುಂದೆ ಅದೆಂಥ ಲೆಕ್ಕ?