ಆಮೆಯ ಬೆನ್ನಿನಂಥ ರಸ್ತೆ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಕಣ್ಣಿಗೆ ಕಂಡದ್ದೆಲ್ಲ ಸಮ ಇರಬೇಕು. ಲೆಡ್ಜರಿನ ಎಡಗಡೆ ಮೊತ್ತವೂ ಬಲಗಡೆ ಮೊತ್ತವೂ ಒಂದೇ ಆಗಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಎಂಟರವರೆಗೆ ಕೂತು ಹುಡುಕಿದ ದಿನಗಳಿವೆ. ಈ ಅಭ್ಯಾಸ ನನಗೆ ಜೀವನಪೂರ್ತಿ ಅನ್ನ ಕೊಟ್ಟಿತು. ಕೈಕೊಟ್ಟದ್ದು ಒಂದೇ ಸಲ. ಅದೂ ಬ್ಯಾಂಕಿನಲ್ಲಲ್ಲ, ನಮ್ಮ ಮನೆಯ ದಾರಿಯಲ್ಲಿ.

ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಹೊಸನಗರ ತಾಲ್ಲೂಕಿನ ನಮ್ಮ ಊರಿಗೆ ಬಂದು ನೆಲೆಸಿದೆವು. ಮಲೆನಾಡಿನ ಮನೆಗಳು ಪೇಟೆಯ ಹಾಗೆ ಒತ್ತೊತ್ತಾಗಿರುವುದಿಲ್ಲ. ತೋಟದ ತಲೆಯ ಮೇಲೊಂದು, ಗುಡ್ಡದ ಬುಡದಲ್ಲೊಂದು. ಡಾಂಬರು ರಸ್ತೆಯಿಂದ ನಮ್ಮ ಅಂಗಳಕ್ಕೆ 180 ಮೀಟರ್ ಇಳಿಜಾರು. ಅಗಲ 3 ಮೀಟರ್. ಅದು ಪಂಚಾಯಿತಿಯ ರಸ್ತೆಯಲ್ಲ, ನಮ್ಮ ಸ್ವಂತದ್ದು. ಹಾಗಾಗಿ ಬೈಯುವುದಾದರೂ ನಮ್ಮನ್ನೇ ಬೈದುಕೊಳ್ಳಬೇಕು.

ಈ ದಾರಿಗೆ ಹಾಸಿದ್ದು ಜಂಬಿಟ್ಟಿಗೆಯ ಗ್ರಾವೆಲ್. ಮಕ್ಕಳೇ, ಜಂಬಿಟ್ಟಿಗೆ ಎಂಬ ಹೆಸರಿನಲ್ಲೇ ಇಟ್ಟಿಗೆ ಇದೆ, ಗಮನಿಸಿದಿರಾ? ಮಣ್ಣಿನಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗೆ ಒಡ್ಡಿದರೆ ಗಟ್ಟಿಯಾಗುವ ಕೆಂಪು ಕಲ್ಲು ಅದು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನೆಲ್ಲ ಸುತ್ತಿದ. ಜನ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಟರ್’ ಎಂದರೂ ಇಟ್ಟಿಗೆಯೇ. ಪುಡಿಯಾದ ಜಂಬಿಟ್ಟಿಗೆಯಲ್ಲಿ ಹರಳೂ ಇರುತ್ತದೆ, ಅಂಟುಮಣ್ಣೂ ಇರುತ್ತದೆ. ಹರಳು ಭಾರ ಹೊರುತ್ತದೆ, ಮಣ್ಣು ಹರಳನ್ನು ಹಿಡಿದುಕೊಳ್ಳುತ್ತದೆ. ಕಚ್ಚಾ ರಸ್ತೆಗೆ ಎರಡೂ ಬೇಕು.

ಪ್ರತಿವರ್ಷ ಬೇಸಿಗೆಯಲ್ಲಿ ಎರಡು ಲೋಡು ಗ್ರಾವೆಲ್ ತರಿಸಿ ಗುಂಡಿಗಳಿಗೆ ಸುರಿಸುತ್ತಿದ್ದೆ. ಮಳೆಗಾಲ ಮುಗಿಯುವಾಗ ಅವೇ ಗುಂಡಿಗಳು ಅದೇ ಜಾಗದಲ್ಲಿ ಬಾಯಿ ತೆರೆದಿರುತ್ತಿದ್ದವು. ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ, ಈ ಸಲ ಒಂದು ಗತಿ ಕಾಣಿಸಿಯೇ ಬಿಡೋಣ ಎಂದು ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆಸಿದೆ. ಅಡಿಕೆ ಮರಗಳ ನಡುವೆ ಓಡಾಡಲೆಂದೇ ಮಾಡಿದಂಥ ಪುಟ್ಟ ಟ್ರ್ಯಾಕ್ಟರ್. ಇಪ್ಪತ್ತು ಅಶ್ವಶಕ್ತಿಯ ಆಸುಪಾಸಿನದು.

ಓಡಿಸುವವನು ಪಕ್ಕದ ಊರಿನ ಹುಡುಗ. ಕೆಲಸ ಶುರು ಮಾಡುವ ಮೊದಲೇ ಅವನು, “ಸಾರ್, ನಡು ಸ್ವಲ್ಪ ಎತ್ತರ ಬಿಡ್ತೀನಿ, ನೀರು ಎರಡೂ ಕಡೆ ಇಳೀಲಿ” ಎಂದ. ನನಗೆ ಸಿಟ್ಟು ಬಂತು. “ಬಾಡಿಗೆ ಕೊಡೋನು ನಾನು. ಕೇರಂ ಬೋರ್ಡಿನ ಹಾಗೆ ಮಟ್ಟ ಮಾಡು” ಎಂದೆ. ಹುಡುಗ ಮರುಮಾತಾಡಲಿಲ್ಲ, ಮಾಡಿಕೊಟ್ಟ. ಸಂಜೆ ನಾನು ಆ ರಸ್ತೆಯ ಮೇಲೆ ಮೂರು ಸಲ ಓಡಾಡಿದೆ. ಎಡ–ಬಲ ಸಮ! ಟ್ಯಾಲಿ ಆದ ಲೆಡ್ಜರ್ ಮುಚ್ಚಿದಷ್ಟೇ ಸಂತೋಷವಾಯಿತು.

ಜೂನ್ ಬಂತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮೂರಿನ ಮಳೆಯೂ ಅದರ ತಮ್ಮನೇ. ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳು ಕಾಗದ–ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಮ್ಮ ರಸ್ತೆ 180 ಗುಣಿಸು 3, ಅಂದರೆ 540 ಚದರ ಮೀಟರ್. ಒಂದೇ ದಿನ 100 ಮಿಲಿಮೀಟರ್ ಮಳೆ ಬಂದರೆ 54,000 ಲೀಟರ್. 6000 ಲೀಟರಿನ ಒಂಬತ್ತು ಟ್ಯಾಂಕರ್ ನೀರು! ಅಷ್ಟು ನೀರಿಗೆ ಪಕ್ಕಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಏನಾಗುತ್ತದೆ? ಚಕ್ರದ ಗುರುತು ಹಿಡಿದು ಇಳಿಜಾರಿನಲ್ಲಿ ಓಡುತ್ತದೆ. ಓಡುವ ನೀರು ಮೊದಲು ಅಂಟುಮಣ್ಣನ್ನು ಒಯ್ಯುತ್ತದೆ. ಹಿಡಿತ ತಪ್ಪಿದ ಹರಳು ಅದರ ಹಿಂದೆ ಹೋಗುತ್ತದೆ. ಜುಲೈ ಹೊತ್ತಿಗೆ ನನ್ನ ಕೇರಂ ಬೋರ್ಡಿನ ನಡುವೆ ಮೊಣಕಾಲುದ್ದದ ಕೊರಕಲು ಬಿದ್ದಿತ್ತು.

ಆ ತಿಂಗಳಲ್ಲೇ ಒಂದು ಬೆಳಿಗ್ಗೆ ನನ್ನ ಹೆಂಡತಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದಳು. ಪಾದದ ಗಂಟು ಕಣ್ಣೆದುರೇ ಊದಿಕೊಂಡಿತು. ಆಟೋಗೆ ಫೋನ್ ಮಾಡಿದೆ. ಆಟೋ ಬಂತು, ಆದರೆ ಡಾಂಬರು ರಸ್ತೆಯಲ್ಲೇ ನಿಂತಿತು. ಚಾಲಕ ಇಳಿದು ಬಂದು ಕೊರಕಲು ನೋಡಿ ತಲೆಯಾಡಿಸಿದ. ಅವನ ತಪ್ಪೇನೂ ಇರಲಿಲ್ಲ. ಕೊನೆಗೆ ಅಕ್ಕಪಕ್ಕದ ನಾಲ್ವರು ಬಂದು, ನಾನು ಪತ್ರಿಕೆ ಓದುವ ಮರದ ಕುರ್ಚಿಯಲ್ಲೇ ಅವಳನ್ನು ಕೂರಿಸಿ, ಸುರಿಯುವ ಮಳೆಯಲ್ಲಿ ಹೊತ್ತುಕೊಂಡು ಹತ್ತಿದರು. ನಾನು ಕೊಡೆ ಹಿಡಿದು ಪಕ್ಕದಲ್ಲಿ ಹೋದೆ. ಇಬ್ಬರ ಕಾಲು ಎರಡೆರಡು ಸಲ ಜಾರಿತು. ಪ್ರತಿಸಲ ಕುರ್ಚಿ ವಾಲಿದಾಗಲೂ ಅವಳು ಕಣ್ಣುಮುಚ್ಚಿ ನನ್ನ ಕೈ ಹಿಡಿಯುತ್ತಿದ್ದಳು. 180 ಮೀಟರ್ ಅಷ್ಟು ಉದ್ದವೆಂದು ನನಗೆ ಅಂದೇ ಗೊತ್ತಾದದ್ದು.

ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವಳು ಮಾರನೆಯ ದಿನ ಹೇಳಿದ್ದು ಒಂದೇ ಮಾತು: “ಆ ಹುಡುಗ ಹೇಳಿದಾಗ ಕೇಳಬಹುದಿತ್ತು ನೀವು.” ಅವಳು ಅಡುಗೆಮನೆಯ ಕಿಟಕಿಯಿಂದ ಅಂದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಉತ್ತರ ಹುಡುಕಿದೆ, ಸಿಗಲಿಲ್ಲ.

ದೀಪಾವಳಿ ಕಳೆದ ಮೇಲೆ ಅದೇ ಹುಡುಗನಿಗೆ ಫೋನ್ ಮಾಡಿದೆ. “ತಮ್ಮಾ, ನೀನು ಹೇಳಿದ್ದೇ ಸರಿ. ನನ್ನದು ತಪ್ಪಾಯ್ತು” ಎಂದೆ. ಎಪ್ಪತ್ತು ದಾಟಿದವನಿಗೆ ಇಪ್ಪತ್ತೈದರವನ ಹತ್ತಿರ ಹೀಗೆ ಹೇಳಲು ನಾಲಿಗೆ ಸುಲಭವಾಗಿ ಹೊರಳುವುದಿಲ್ಲ. ಅವನು ಆಚೆ ಕಡೆಯಿಂದ ನಕ್ಕು, “ಬಿಡಿ ಸಾರ್, ನಂಗೂ ಅಪ್ಪ ಹೇಳಿಕೊಟ್ಟಿದ್ದು. ಗದ್ದೆ ಮಟ್ಟ ಇರ್ಬೇಕು, ರಸ್ತೆ ಮಟ್ಟ ಇರ್ಬಾರ್ದು” ಎಂದ. ಗದ್ದೆಯಲ್ಲಿ ನೀರು ನಿಲ್ಲಬೇಕು, ಅದಕ್ಕೆ ಮಟ್ಟ. ರಸ್ತೆಯಲ್ಲಿ ನಿಲ್ಲಬಾರದು, ಅದಕ್ಕೆ ಏರು. ಬಿ.ಕಾಂ. ಓದಿದ ನನಗೆ ಇಷ್ಟು ಹೊಳೆದಿರಲಿಲ್ಲ.

ಅಜ್ಜಿಯನ್ನು ನೋಡಲು ಬಂದಿದ್ದ ಮೊಮ್ಮಗಳು ಇನ್ನೂ ಇಲ್ಲೇ ಇದ್ದಳು. ಆರನೇ ತರಗತಿ. ಟ್ರ್ಯಾಕ್ಟರ್ ಬಂದದ್ದೇ ಮಡ್‌ಗಾರ್ಡ್ ಮೇಲೆ ಕೂರುತ್ತೇನೆಂದು ಹಟ ಹಿಡಿದಳು. ಹುಡುಗ ಖಂಡಿತ ಒಪ್ಪಲಿಲ್ಲ. “ಇದಕ್ಕೆ ಇರೋದು ಒಂದೇ ಸೀಟು ಪುಟ್ಟಿ. ಅಲ್ಲಿಂದ ಬಿದ್ದರೆ ಚಕ್ರದ ಕೆಳಗೇ ಬೀಳೋದು” ಎಂದ. ಅವಳಿಗೆ ಬದಲಿಗೆ ಅಳತೆಯ ಕೆಲಸ ಕೊಟ್ಟೆವು.

ಮೊದಲ ದಿನ ಟ್ರ್ಯಾಕ್ಟರಿನ ಹಿಂದೆ ಕಲ್ಟಿವೇಟರ್ ಕಟ್ಟಿದ. ಗುಂಡಿ ಎಷ್ಟು ಆಳವಿದೆಯೋ ಅಷ್ಟು ಆಳಕ್ಕೆ ಇಡೀ ರಸ್ತೆಯನ್ನೇ ಕೆದಕಿದ. ನನಗೆ ಎದೆ ಧಸಕ್ಕೆಂದಿತು, ಆದರೆ ಬಾಯಿ ಬಿಡಲಿಲ್ಲ. ಕಾರಣ ಆಮೇಲೆ ತಿಳಿಯಿತು. ಗುಂಡಿಯ ತಳ ಗಟ್ಟಿ, ಮೇಲೆ ಸುರಿದ ಗ್ರಾವೆಲ್ ಸಡಿಲ. ಎರಡೂ ಬೆಸೆಯುವುದಿಲ್ಲ. ಚಕ್ರ ಬಿದ್ದೊಡನೆ ಸಡಿಲದ್ದು ಹೊರಗೆ ಹಾರುತ್ತದೆ. ಎಷ್ಟೋ ವರ್ಷ ನಾನು ಎರಡು ಲೋಡು ಸುರಿದು ಗುಂಡಿಗಳನ್ನು ಸಾಕಿದ್ದು ಹೀಗೆ. ಕಳೆದುಹೋಯಿತೆಂದುಕೊಂಡ ಗ್ರಾವೆಲ್ಲಿನಲ್ಲಿ ಬಹುಪಾಲು ರಸ್ತೆಯ ಅಂಚಿನ ಹುಲ್ಲಿನಡಿ ದಿಬ್ಬವಾಗಿ ಕೂತಿತ್ತು. ನನ್ನದೇ ಹಣ, ಬೇರೆ ಖಾತೆಯಲ್ಲಿ!

ಎರಡನೆಯ ದಿನ ಕಲ್ಟಿವೇಟರ್ ಬಿಚ್ಚಿ ಹಿಂಬದಿಯ ಬ್ಲೇಡ್ ಕಟ್ಟಿದ. ಕೆಳಗೆ ಎರಡು ತೋಳು, ಮೇಲೆ ಒಂದು ಕೊಂಡಿ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ ಈ ಮೂರು ಕೊಂಡಿಯ ಜೋಡಣೆಯನ್ನೇ ಇಂದು ಜಗತ್ತಿನ ಟ್ರ್ಯಾಕ್ಟರುಗಳು ಬಳಸುತ್ತವೆ. ಬಲಗಡೆಯ ಲಿಫ್ಟ್ ರಾಡಿನ ಹಿಡಿ ತಿರುಗಿಸಿ ಬ್ಲೇಡಿನ ಬಲತುದಿಯನ್ನು ತುಸು ಎತ್ತಿದ. ಎಡತುದಿ ಮುಂದೆ, ಬಲತುದಿ ಹಿಂದೆ ಬರುವಂತೆ ಓರೆ ಮಾಡಿದ. ಹತ್ತುವಾಗಲೂ ಇಳಿಯುವಾಗಲೂ ತನ್ನ ಎಡಬದಿಯಲ್ಲೇ ನಿಧಾನವಾಗಿ ಓಡಿಸಿದ. ಅಂಚು ತಗ್ಗುತ್ತಾ, ಮಣ್ಣು ಜಾರಿ ಜಾರಿ ನಡುವಿಗೆ ಬರುತ್ತಾ ಹೋಯಿತು. ನಾಲ್ಕಾರು ಸುತ್ತಿನಲ್ಲಿ ರಸ್ತೆ ಬೆನ್ನು ಎತ್ತಿತು.

ಎತ್ತರ ಎಷ್ಟಿರಬೇಕು? ಅಡಿಗೆ ಅರ್ಧ ಅಂಗುಲ. ನಡುವಿನಿಂದ ಅಂಚಿಗೆ ಐದು ಅಡಿ, ಅಂದರೆ ಎರಡೂವರೆ ಅಂಗುಲ. ಮೊಮ್ಮಗಳು ಐದು ಅಡಿಯ ನೇರ ರೀಪು ತಂದು, ಅದರ ಒಂದು ತುದಿಯ ಕೆಳಗೆ ಎರಡೂವರೆ ಅಂಗುಲದ ಮರದ ತುಂಡು ಕಟ್ಟಿದಳು. ಮೇಲೆ ಗಾರೆ ಮೇಸ್ತ್ರಿಯ ರಸಮಟ್ಟ. ತುಂಡಿನ ತುದಿ ಅಂಚಿಗೆ, ಇನ್ನೊಂದು ತುದಿ ನಡುವಿಗೆ. ಗುಳ್ಳೆ ಮಧ್ಯದಲ್ಲಿ ನಿಂತರೆ ಇಳಿಜಾರು ಸರಿ. ಹತ್ತು ಹೆಜ್ಜೆಗೊಮ್ಮೆ ಇಟ್ಟು ನೋಡಿ, “ಅಜ್ಜಾ, ಪಾಸ್!” ಅಥವಾ “ಅಜ್ಜಾ, ಫೇಲ್!” ಎಂದು ಕೂಗುತ್ತಿದ್ದಳು. ಕೊನೆಗೆ ದೂರ ನಿಂತು ನೋಡಿ, “ಆಮೆಯ ಬೆನ್ನಿನ ಹಾಗಿದೆ” ಎಂದಳು. ರಸ್ತೆಗೆ ಆ ಹೆಸರೇ ನಿಂತಿತು.

ಸುಮಾರು ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಯಾಡಂ (1756–1836) ಕೂಡ ಇದನ್ನೇ ಸಾರಿದ್ದ. ಭಾರ ಹೊರುವುದು ನೆಲ. ಆ ನೆಲವನ್ನು ಒಣಗಿದ್ದಂತೆ ಕಾಪಾಡುವುದೇ ರಸ್ತೆಯ ಕೆಲಸ ಎಂಬುದು ಅವನ ನಂಬಿಕೆ. ಟಾರ್ಮ್ಯಾಕ್ ಎಂಬ ಮಾತಿನಲ್ಲಿ ಉಳಿದಿರುವುದು ಅವನದೇ ಹೆಸರು.

ಇನ್ನು ಎರಡು ಬದಿಯ ಚರಂಡಿ. ಎಡಬದಿಯ ನೀರನ್ನು ಸೀದಾ ಬಿಟ್ಟರೆ ಪಕ್ಕದವರ ಅಡಿಕೆ ತೋಟಕ್ಕೆ ನುಗ್ಗುತ್ತಿತ್ತು. ನಮ್ಮ ಸಾಲ ಇನ್ನೊಬ್ಬರ ಲೆಕ್ಕಕ್ಕೆ ಬರೆಯಬಾರದು. ನಮ್ಮ ಜಾಗದಲ್ಲೇ ಒಂದು ಇಂಗುಗುಂಡಿ ತೋಡಿಸಿ ಅದಕ್ಕೆ ತಿರುಗಿಸಿದೆವು. ನವೆಂಬರಿನ ನೆಲದಲ್ಲಿ ಇನ್ನೂ ತೇವವಿತ್ತು, ಮೇಲೆ ಸ್ವಲ್ಪ ನೀರು ಚಿಮುಕಿಸಿ ಟ್ರ್ಯಾಕ್ಟರಿನ ಚಕ್ರವನ್ನೇ ಹತ್ತಾರು ಸಲ ಓಡಿಸಿದ್ದಕ್ಕೆ ಗ್ರಾವೆಲ್ ಚೆನ್ನಾಗಿ ಕೂತಿತು. ಆ ವರ್ಷ ಹೊಸದಾಗಿ ತರಿಸಿದ್ದು ಒಂದೇ ಲೋಡು.

ಕಳೆದ ವರ್ಷ ಜೂನಿನ ಮೊದಲ ದೊಡ್ಡ ಮಳೆಗೆ ನಾನು ಕೊಡೆ ಹಿಡಿದು ರಸ್ತೆಯ ನಡುವೆ ನಿಂತೆ. ನೀರು ಬಿದ್ದದ್ದೇ ತಡ, ಯಾರೋ ಹೇಳಿಕೊಟ್ಟಂತೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಇಳಿದು ಚರಂಡಿ ಸೇರುತ್ತಿತ್ತು. ಫೋನಿನಲ್ಲಿ ವಿಡಿಯೊ ಮಾಡಿ ಬೆಂಗಳೂರಿಗೆ ಕಳುಹಿಸಿದೆ. “ಪಾಸ್!” ಎಂದು ಉತ್ತರ ಬಂತು.

ಆಗಸ್ಟಿನಲ್ಲಿ ಹೆಂಡತಿಯನ್ನು ಕಾಲಿನ ತಪಾಸಣೆಗೆ ಕರೆದೊಯ್ಯಬೇಕಿತ್ತು. ಮಳೆ ಜೋರಾಗಿತ್ತು. ಅದೇ ಆಟೋ, ಅದೇ ಚಾಲಕ. ಸೀದಾ ಅಂಗಳಕ್ಕೆ ಬಂದು ನಿಂತು, “ಬೇಗ ಹತ್ತಿ ಅಮ್ಮ, ನೆನೀತೀರಿ” ಎಂದ. ರಸ್ತೆಯ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಸ್ವಲ್ಪ ನಿರಾಸೆಯಾಯಿತು. ಅದನ್ನು ಗಮನಿಸಿದ ಹೆಂಡತಿ ಕೋಲು ಊರಿಕೊಂಡು ಆಟೋ ಹತ್ತುತ್ತಾ, “ರಸ್ತೆ ಚೆನ್ನಾಗಿದ್ದರೆ ಯಾರೂ ಅದರ ಮಾತಾಡೋದಿಲ್ಲರೀ” ಎಂದಳು.

ಈಗ ಪ್ರತಿವರ್ಷ ಮಳೆ ಮುಗಿದ ಮೇಲೆ ಹುಡುಗ ಒಂದು ಬೆಳಿಗ್ಗೆ ಬಂದು ಬ್ಲೇಡ್ ಎಳೆದು ಹೋಗುತ್ತಾನೆ. ನಾನು ಕಾಫಿ ಕೊಡುತ್ತೇನೆ, ರೀಪು ಹಿಡಿಯುತ್ತೇನೆ. ಸಲಹೆ ಮಾತ್ರ ಕೊಡುವುದಿಲ್ಲ.